ಎರಡು ಗುಳಿಗೆ, ಒಂದೇ ದೇಹ

ವಯಸ್ಸಾದವರಿರುವ ಮನೆಗಳಲ್ಲಿ ದೇವರ ಜಗಲಿಯಷ್ಟೇ ನಿತ್ಯವಾದ ಇನ್ನೊಂದು ಸ್ಥಾನ ಇಂದು ಔಷಧಿಯ ಡಬ್ಬಿಗೆ ದೊರೆತಿದೆ. ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ, ಹೊಟ್ಟೆಯ ಉರಿಗೆ ಒಂದು, ಮೊಣಕಾಲಿನ ನೋವಿಗೆ ಮತ್ತೊಂದು, ಹೀಗೆ ಅದು ವರ್ಷದಿಂದ ವರ್ಷಕ್ಕೆ ತುಂಬುತ್ತಲೇ ಹೋಗುತ್ತದೆ. ಒಂದೊಂದು ಗುಳಿಗೆಯೂ ಒಬ್ಬೊಬ್ಬ ವೈದ್ಯರಿಂದ ಬಂದದ್ದು; ಒಂದೊಂದಕ್ಕೂ ಅದರದೇ ಆದ ಕಾರಣವುಂಟು. ಡಬ್ಬಿಯಲ್ಲಿ ಒಂದರ ಪಕ್ಕದಲ್ಲಿ ಒಂದು ಸುಮ್ಮನೆ ಮಲಗಿರುವ ಇವು ದೇಹದೊಳಗೆ ಇಳಿದ ಮೇಲೆ ಒಂದನ್ನೊಂದು ಸಂಧಿಸುತ್ತವೆ ಎಂಬ ಮಾತು ಮಾತ್ರ ನಮಗೆ ಬೇಗನೆ ನೆನಪಾಗುವುದಿಲ್ಲ. ನರದ ನೋವಿಗೆ ಕೊಡುವ ಗುಳಿಗೆ ಮತ್ತು ಸ್ಟೀರಾಯ್ಡ್ ಗುಳಿಗೆ, ಈ ಎರಡೂ ನಮ್ಮ ಕುಟುಂಬದ ಹಿರಿಯರೊಬ್ಬರ ದೇಹದಲ್ಲಿ ಹೀಗೆ ಸಂಧಿಸಿದ ಬಗೆಯನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ. ನಾವು ವೈದ್ಯರಲ್ಲ. ವೈದ್ಯರಿಂದ ಕೇಳಿ, ಕೇಳಿದ್ದನ್ನು ಓದಿ ತಿಳಿದುಕೊಂಡು ಬರೆಯುತ್ತಿರುವವರು ಅಷ್ಟೇ.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ಹೇಳಬೇಕು. ನಾವಿರುವುದು ಕಾರವಾರದಲ್ಲಿ, ನಮ್ಮ ದೊಡ್ಡವ್ವನವರು ಮಗ ಸೊಸೆಯರೊಡನೆ ಇರುವುದು ಅಂಕೋಲೆಯಲ್ಲಿ. ನಡುವಿನ ದಾರಿ ಸುಮಾರು ೩೫ ಕಿಲೋಮೀಟರು. ಜ್ವರ ಕೆಮ್ಮುಗಳಿಗೆ ಊರಿನಲ್ಲಿಯೇ ವೈದ್ಯರಿದ್ದಾರೆ, ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜೂ ಆಗಿದೆ. ಆದರೂ ನರ, ಹೃದಯ, ಮೂತ್ರಪಿಂಡ ಮುಂತಾದವುಗಳ ತಜ್ಞರನ್ನು ಕಾಣಬೇಕಾದಾಗ ಇಲ್ಲಿಯ ಜನ ಗೋವೆಗೋ, ಮಣಿಪಾಲ ಮಂಗಳೂರುಗಳಿಗೋ, ಘಟ್ಟ ಹತ್ತಿ ಹುಬ್ಬಳ್ಳಿಗೋ ಹೋಗುವುದು ಹಿಂದಿನಿಂದ ನಡೆದು ಬಂದ ರೂಢಿ. ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ೨೦೨೨ರ ಮಳೆಗಾಲದಲ್ಲಿ ಗಟ್ಟಿಯಾಗಿ ಎದ್ದುದನ್ನು ವಾಚಕರು ಬಲ್ಲರು. ಈ ಅಲೆದಾಟದ ಆಯಾಸವನ್ನೂ ಖರ್ಚನ್ನೂ ಎಲ್ಲರೂ ಹೇಳುತ್ತಾರೆ. ಅದರಿಂದಾಗುವ ಇನ್ನೊಂದು ತೊಂದರೆಯನ್ನು ಹೇಳುವವರು ಕಡಿಮೆ. ಅದೇನೆಂದರೆ, ಒಬ್ಬನೇ ರೋಗಿಯ ಚೀಟಿಗಳು ಮೂರು ಊರುಗಳಲ್ಲಿ ಹರಿದು ಹಂಚಿಹೋಗುತ್ತವೆ. ಒಬ್ಬ ವೈದ್ಯರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ.

ದೊಡ್ಡವ್ವನವರಿಗೆ ಈಗ ಎಪ್ಪತ್ತು ದಾಟಿದೆ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಳೆ ಹಿಡಿದರೆ ದಮ್ಮು. ೨೦೨೪ರ ಮೇ ತಿಂಗಳ ಆರಂಭದಲ್ಲಿ ಅವರ ಎದೆಯ ಬಲಭಾಗದಿಂದ ಬೆನ್ನಿನವರೆಗೆ ಪಟ್ಟಿಯಂತೆ ನೀರುಗುಳ್ಳೆಗಳೆದ್ದವು. ನೆರೆಹೊರೆಯ ಹಿರಿಯ ಹೆಂಗಸರು ನೋಡಿದೊಡನೆಯೇ ಸರ್ಪಸುತ್ತು ಎಂದರು. ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವಕ್ಕೆ ಅಪಾಯವೆಂಬ ಭಯ ನಮ್ಮ ಜನರಲ್ಲಿ ಇಂದಿಗೂ ಇದೆ. ಜಾಜು ಅರೆದು ಹಚ್ಚಿದರು, ದೇವರಿಗೆ ಹರಸಿಕೊಂಡರು. ಐದನೆಯ ದಿನ ಅಂಕೋಲೆಯ ವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಹೇಳಿದ್ದು ಇಷ್ಟು: ಇದು ಚಿಕ್ಕಂದಿನಲ್ಲಿ ಬಂದು ಹೋದ ಸಿಡುಬಿನ ತಂಗಿ, ನೀರುಕೋಟಲೆ ಅಮ್ಮನ ವೈರಸ್ಸೇ, ಗುಣವಾದ ಮೇಲೂ ಅದು ನರದ ಬುಡದಲ್ಲಿ ಹತ್ತಾರು ವರ್ಷ ಅಡಗಿ ಮಲಗಿದ್ದು, ವಯಸ್ಸಿನಿಂದಲೋ ಕಾಯಿಲೆಯಿಂದಲೋ ಮೈಯ ಶಕ್ತಿ ಕುಂದಿದಾಗ ಆ ನರದ ದಾರಿ ಹಿಡಿದು ಹೊರಗೆ ಬರುತ್ತದೆ. ಗುಳ್ಳೆ ಎದ್ದ ಮೂರು ದಿನಗಳೊಳಗೆ ವೈರಸ್ ತಡೆಯುವ ಗುಳಿಗೆಯನ್ನು ಆರಂಭಿಸಿದರೆ ಫಲ ಹೆಚ್ಚು. ತಡವಾಗಿತ್ತಾದರೂ ಅವರು ಆ ಗುಳಿಗೆಯನ್ನು ಕೊಟ್ಟರು. ಎರಡು ಮೂರು ವಾರಗಳಲ್ಲಿ ಗುಳ್ಳೆಗಳೇನೋ ಒಣಗಿ ಹೊಪ್ಪಳೆ ಉದುರಿತು. ನೋವು ಮಾತ್ರ ಹೋಗಲಿಲ್ಲ.

ಆ ನೋವನ್ನು ನೋಡಿದವರೇ ನಂಬಬೇಕು. "ತಮ್ಮಾ, ಸೆರಗು ತಾಗಿದ್ರ ಸಾಕು, ಕೆಂಡ ಇಟ್ಹಾಂಗ ಆಗತೈತಿ" ಎನ್ನುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಎದೆಯ ಮೇಲಿದ್ದ ಕರಡಿಗೆಯ ಭಾರವನ್ನೂ ಆ ಚರ್ಮ ತಾಳದಾಯಿತು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಲಾರದೆ, ದಾರವನ್ನು ಮೋಟು ಮಾಡಿ ಕೊರಳಿನ ಬುಡಕ್ಕೇ ಕಟ್ಟಿಕೊಂಡರು. ಅಂಥ ಗಟ್ಟಿ ಜೀವ ಆ ದಿನ ಕಣ್ಣೀರು ಹಾಕಿದ್ದನ್ನು ನಾವು ಕಂಡೆವು.

ಅಣ್ಣನವರು ಅವರನ್ನು ದಕ್ಷಿಣದ ದೊಡ್ಡ ಊರೊಂದರ ನರರೋಗ ತಜ್ಞರಲ್ಲಿಗೆ ಕರೆದೊಯ್ದರು. ಸಾಮಾನ್ಯ ನೋವಿನ ಗುಳಿಗೆಗಳು ಪೆಟ್ಟು ಬಿದ್ದಲ್ಲಿ, ಬಾತಲ್ಲಿ ಕೆಲಸ ಮಾಡುತ್ತವೆಯೇ ಹೊರತು ನರವೇ ಕೆಟ್ಟು ಸುಳ್ಳು ಸಂದೇಶ ಕಳಿಸುತ್ತಿರುವಾಗ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕೆ ಬೇರೆ ಜಾತಿಯ ಔಷಧಿಗಳುಂಟು. ಮೂರ್ಛೆರೋಗಕ್ಕಾಗಿ ಬಂದ ಗ್ಯಾಬಾಪೆಂಟಿನ್, ಅದರ ಹಿಂದೆಯೇ ಬಂದ ಪ್ರೆಗಾಬಾಲಿನ್ ಎಂಬ ಔಷಧಿಗಳು ಕೆರಳಿದ ನರದ ಅಬ್ಬರವನ್ನು ತಗ್ಗಿಸುತ್ತವೆ. ದೊಡ್ಡವ್ವನವರಿಗೆ ರಾತ್ರಿ ಒಂದು ಪ್ರೆಗಾಬಾಲಿನ್ ಗುಳಿಗೆಯನ್ನು ಬರೆದುಕೊಟ್ಟರು. ವಾರದಲ್ಲಿ ಉರಿ ಅರ್ಧಕ್ಕೆ ಇಳಿಯಿತು. ಹಗಲಲ್ಲಿಯೂ ತುಸು ಮಂಪರು, ಎದ್ದಾಗ ತಲೆ ತಿರುಗುವುದು ಇದ್ದಿತಾದರೂ ನಿದ್ದೆ ಬಂದುದೇ ಭಾಗ್ಯವೆಂದುಕೊಂಡರು.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಅದೇ ಸಮಯಕ್ಕೆ ಕಾರವಾರಕ್ಕೆ ನಮ್ಮ ಮನೆಗೆ ಬಂದಿದ್ದ ಅವರಿಗೆ ಒಂದು ರಾತ್ರಿ ದಮ್ಮು ಏರಿತು. ಹತ್ತಿರದ ಆಸ್ಪತ್ರೆಯೊಂದರಲ್ಲಿ ಉಸಿರಿನ ಔಷಧಿಯೊಡನೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯನ್ನು ಒಂದು ವಾರಕ್ಕೆಂದು ಕೊಟ್ಟರು. ಬೇರೇನು ಗುಳಿಗೆ ನುಂಗುತ್ತೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ; ಉಸಿರಿಗಾಗಿ ಚಡಪಡಿಸುವವರಿಗೆ ತಾವಾಗಿ ಹೇಳುವ ಸ್ಥಿತಿಯೂ ಇರಲಿಲ್ಲ. ನರದ ಗುಳಿಗೆಯ ಚೀಟಿ ಅಂಕೋಲೆಯ ಕಪಾಟಿನಲ್ಲಿತ್ತು.

ಸ್ಟೀರಾಯ್ಡ್ ಎಂದೊಡನೆ ನಮ್ಮಲ್ಲಿ ಎರಡು ಬಗೆಯ ಜನರಿದ್ದಾರೆ. ಒಬ್ಬರು ಅದನ್ನು ವಿಷವೆನ್ನುತ್ತಾರೆ, ಇನ್ನೊಬ್ಬರು ಅಮೃತವೆನ್ನುತ್ತಾರೆ. ಎರಡೂ ಸರಿಯಲ್ಲ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ನಮ್ಮೆಲ್ಲರ ದೇಹದಲ್ಲಿಯೂ ದಿನವೂ ಇಂಥದೇ ರಸವನ್ನು ತಯಾರಿಸುತ್ತವೆ. ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ೧೯೪೮ರಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಇದರ ಚುಚ್ಚುಮದ್ದು ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. ೧೯೫೦ರಲ್ಲಿ ಹೆಂಚ್, ಕೆಂಡಾಲ್ ಹಾಗೂ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಬಹುಕಾಲ ಕೊಟ್ಟಾಗ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ಸೋಂಕು ತಗಲುವುದು ಮುಂತಾದವು ಸ್ವಲ್ಪ ಕಾಲದಲ್ಲಿಯೇ ಕಂಡುಬಂದವು. ದಮ್ಮು ಏರಿದಾಗ ಕೆಲವು ದಿನಗಳ ಸ್ಟೀರಾಯ್ಡ್ ಪ್ರಾಣ ಉಳಿಸುತ್ತದೆ. ತಿಂಗಳುಗಟ್ಟಲೆ ಲೆಕ್ಕವಿಲ್ಲದೆ ನುಂಗಿದ ಅದೇ ಗುಳಿಗೆ ಒಳಗಿನಿಂದ ಕೊರೆಯುತ್ತದೆ.

ದೊಡ್ಡವ್ವನವರಿಗೆ ಆ ಗುಳಿಗೆ ಅಮೃತದಂತೆಯೇ ತೋರಿತು. ಉಸಿರು ಹಗುರಾಯಿತು, ಹಸಿವು ಹೆಚ್ಚಿತು, ಮೊಣಕಾಲಿನ ನೋವೂ ಮಾಯವಾಯಿತು. ಅಂಕೋಲೆಗೆ ಮರಳಿದ ಮೇಲೆ ಖಾಲಿ ಪಟ್ಟಿಯನ್ನು ಮೊಮ್ಮಗನ ಕೈಗೆ ಕೊಟ್ಟು ಮತ್ತೆ ತರಿಸಿದರು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ ಅಂಥ ಔಷಧಿಗಳ ಮೇಲೆಯೇ ಅಚ್ಚಾಗಿರುತ್ತದೆ. ಆದರೂ ಅಂಗಡಿಯವರು ಪಟ್ಟಿ ನೋಡಿಯೇ ಕೊಟ್ಟರು. ಬೆಳಿಗ್ಗೆ ಊಟೋಪಚಾರವಾದ ಮೇಲೆ ತೆಗೆದುಕೊಳ್ಳಬೇಕಾದುದನ್ನು ಮರೆಯಬಾರದೆಂದು ಎಲ್ಲ ಗುಳಿಗೆಗಳೊಡನೆ ರಾತ್ರಿ ಒಂದೇ ಹಿಡಿಯಾಗಿ ನುಂಗುತ್ತಿದ್ದರು. ಹೀಗೆ ಐದಾರು ವಾರಗಳು ಕಳೆದವು.

ಜುಲೈ ಎರಡನೆಯ ವಾರದ ಹೊತ್ತಿಗೆ ಅವರ ರೂಪವೇ ಬದಲಾಗಿತ್ತು. ಪಾದಗಳು ಬಾತು ಚಪ್ಪಲಿ ಹಿಡಿಸದಾಯಿತು. ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ತೂಕಡಿಕೆ. ಒಂದು ನಸುಕಿನಲ್ಲಿ ಬಚ್ಚಲಿಗೆ ಹೋಗುವಾಗ ತೂರಾಡಿ ಬಿದ್ದರು; ಎಡಗೈಯ ಮಣಿಕಟ್ಟು ಮುರಿಯಿತು. ಕಾರವಾರಕ್ಕೆ ಕರೆತಂದು ಕಟ್ಟು ಹಾಕಿಸಿದೆವು. ರಕ್ತದ ಸಕ್ಕರೆ ಮುನ್ನೂರು ಮೀರಿತ್ತು. ಆಗ ನಮ್ಮ ಪರಿಚಯದ ಹಿರಿಯ ವೈದ್ಯರೊಬ್ಬರು, "ಮೊದಲು ಮನೆಯಲ್ಲಿರುವ ಎಲ್ಲಾ ಔಷಧಿಯನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ" ಎಂದರು. ಅವರು ಆ ಚೀಲವನ್ನು ಮೇಜಿನ ಮೇಲೆ ಸುರಿದು, ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿ, ಅರ್ಧ ಗಂಟೆ ಕೂತು ಹೇಳಿದ ವಿಷಯವೇ ಈ ಲೇಖನದ ತಿರುಳು.

ಅವರೆಂದರು: ಈ ಎರಡು ಔಷಧಿಗಳು ಒಂದಕ್ಕೊಂದು ವೈರಿಗಳಲ್ಲ. ಪ್ರೆಗಾಬಾಲಿನ್ ಬಹುಮಟ್ಟಿಗೆ ಇದ್ದಂತೆಯೇ ಮೂತ್ರಪಿಂಡಗಳ ಮೂಲಕ ಹೊರಗೆ ಹೋಗುತ್ತದೆ. ಪ್ರೆಡ್ನಿಸೊಲೋನ್ ಯಕೃತ್ತಿನಲ್ಲಿ ಕರಗುತ್ತದೆ. ದಾರಿಗಳು ಬೇರೆಯಾದುದರಿಂದ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಎಷ್ಟೋ ರೋಗಿಗಳಿಗೆ ವೈದ್ಯರೇ ತಿಳಿದು ಎರಡನ್ನೂ ಒಟ್ಟಿಗೆ ಕೊಡುವುದುಂಟು. ಆದರೆ ಇವು ಮಾಡುವ ಉಪದ್ರವಗಳು ಒಂದೇ ಅಂಗಳದಲ್ಲಿ ಬಂದು ಕೂಡುತ್ತವೆ. ಕಾಲು ಬಾತುಕೊಳ್ಳುವುದು ಎರಡರಿಂದಲೂ ಸಾಧ್ಯ. ತೂಕ ಏರುವುದೂ ಎರಡರಿಂದಲೂ ಸಾಧ್ಯ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ರಾತ್ರಿ ನುಂಗಿದರೆ ನಿದ್ದೆ ಕೆಡಿಸುತ್ತದೆ. ನರದ ಗುಳಿಗೆ ಮಂಪರು ತರುತ್ತದೆ, ತಲೆ ತಿರುಗಿಸುತ್ತದೆ. ಒಂದು ಮೂಳೆಯನ್ನು ಮೆತ್ತಗೆ ಮಾಡುತ್ತದೆ, ಇನ್ನೊಂದು ಹೆಜ್ಜೆಯನ್ನು ತಪ್ಪಿಸುತ್ತದೆ. ಎಪ್ಪತ್ತರ ಮುದುಕಿಗೆ ಇವೆರಡೂ ಕೂಡಿದರೆ ಬಚ್ಚಲ ಹೊಸ್ತಿಲೇ ಬೆಟ್ಟವಾಗುತ್ತದೆ. ವಯಸ್ಸಿನ ಮೂಳೆ ಹೇಗೂ ಬಡವಾಗಿರುವುದರಿಂದ ಮುರಿದದ್ದು ಈ ಗುಳಿಗೆಯಿಂದಲೇ ಎಂದು ಹೇಳಲಾಗದು. ಆದರೆ ಬೀಳುವ ದಾರಿಯನ್ನು ಇವೆರಡೂ ಕೂಡಿ ಸುಗಮ ಮಾಡಿದ್ದವು.

ಇನ್ನೊಂದು ಮಾತನ್ನೂ ಅವರು ತಿಳಿಸಿದರು. ಉಸಿರಾಟದ ತೊಂದರೆ ಇರುವವರಲ್ಲಿ, ವಯಸ್ಸಾದವರಲ್ಲಿ, ಮತ್ತು ಅಫೀಮಿನ ಜಾತಿಯ ಬಲವಾದ ನೋವಿನ ಗುಳಿಗೆ ಇಲ್ಲವೆ ನಿದ್ದೆಯ ಗುಳಿಗೆ ನುಂಗುವವರಲ್ಲಿ ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್‌ಗಳು ಉಸಿರನ್ನು ಕುಗ್ಗಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೧೯ರಲ್ಲಿ ಎಚ್ಚರಿಸಿದೆ. ಆದುದರಿಂದ ದಮ್ಮಿಗೆ ಔಷಧಿ ಕೊಡುವವರಿಗೆ ನರದ ಗುಳಿಗೆಯ ಸಂಗತಿಯೂ, ನರದ ಗುಳಿಗೆ ಕೊಡುವವರಿಗೆ ದಮ್ಮಿನ ಸಂಗತಿಯೂ ತಿಳಿದಿರಲೇಬೇಕು.

ಇಷ್ಟು ಕೇಳಿದ ಮೇಲೆ ಮನೆಯವರಿಗೆಲ್ಲ ಭಯ ಹುಟ್ಟಿದ್ದು ಸಹಜವೇ. ಅತ್ತಿಗೆಯವರಂತೂ, "ಇವತ್ತಿನಿಂದ ಎರಡನ್ನೂ ಬಂದ್ ಮಾಡ್ತೀವ್ರಿ, ಏನಾರ ಆಗವಲ್ದ್ಯಾಕ" ಎಂದರು. ವೈದ್ಯರು ಕೈಯೆತ್ತಿ ತಡೆದರು. "ನುಂಗಿದ್ದಕ್ಕಿಂತ ದೊಡ್ಡ ಅಪಾಯ ಥಟ್ಟನೆ ಬಿಡುವುದರಲ್ಲಿದೆ ತಾಯೀ" ಎಂದರು. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ದೇಹದ ಗ್ರಂಥಿಗಳು ತಮ್ಮ ಕೆಲಸವನ್ನು ನಿಲ್ಲಿಸಿ ಮಲಗಿಬಿಡುತ್ತವೆ. ಹೊರಗಿನದು ಒಮ್ಮೆಗೇ ನಿಂತರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ ಎಂಬಂತಾಗಿ ನಿಶ್ಶಕ್ತಿ, ವಾಂತಿ, ರಕ್ತದೊತ್ತಡ ಕುಸಿಯುವುದು, ಕೆಲವೊಮ್ಮೆ ಪ್ರಾಣಾಪಾಯವೂ ಒದಗಬಹುದು. ಆ ಗ್ರಂಥಿಗಳು ನಿಧಾನವಾಗಿ ಎಚ್ಚರಗೊಳ್ಳುವಂತೆ ಗುಳಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಪ್ರೆಗಾಬಾಲಿನ್ ಅನ್ನೂ ಹಾಗೆಯೇ ಕನಿಷ್ಠ ಒಂದು ವಾರದ ಅವಧಿಯಲ್ಲಿ ಇಳಿಸಿ ಬಿಡಬೇಕು. ಥಟ್ಟನೆ ಬಿಟ್ಟರೆ ನಿದ್ರಾಹೀನತೆ, ಬೆವರು, ಚಡಪಡಿಕೆ, ಕೆಲವರಿಗೆ ಮೂರ್ಛೆಯೂ ಬರುವುದುಂಟು. ಎರಡನ್ನೂ ಒಟ್ಟಿಗೆ ಇಳಿಸಕೂಡದು, ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ ಎಂದು ಹೇಳಿ, ಮೊದಲು ಸ್ಟೀರಾಯ್ಡ್ ಇಳಿಸುವ ಕ್ರಮವನ್ನು ದಿನಾಂಕ ಸಹಿತ ಕನ್ನಡದಲ್ಲಿಯೇ ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ದಮ್ಮಿಗೆ ಎಳೆದುಕೊಳ್ಳುವ ಔಷಧಿಯನ್ನು ಸರಿಪಡಿಸಿದರು. ಒಂದು ತಿಂಗಳ ಗುಳಿಗೆಯನ್ನು ಮನೆಯಲ್ಲಿ ತಂದಿಟ್ಟುಕೊಳ್ಳಲು ಹೇಳಿದರು.

ಆ ಕೊನೆಯ ಮಾತಿನ ಬೆಲೆ ನಮಗೆ ಕೆಲವೇ ದಿನಗಳಲ್ಲಿ ತಿಳಿಯಿತು. ೨೦೨೪ರ ಜುಲೈ ೧೬ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿ ನದಿಗೂ ಬಿದ್ದಿತು. ಹಲವರು ಜೀವ ಕಳೆದುಕೊಂಡರು. ದಕ್ಷಿಣದ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆ ದುರಂತದ ಮುಂದೆ ನಮ್ಮ ಕಷ್ಟ ಕಷ್ಟವೇ ಅಲ್ಲ. ಆದರೂ ನರತಜ್ಞರನ್ನು ಮತ್ತೆ ಕಾಣಬೇಕಾಗಿದ್ದ ದಿನ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ ೭ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರ ಸದಾಶಿವಗಡಗಳ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವೆಯ ಕಡೆಗೂ ಕೆಲಕಾಲ ಆತಂಕವಾಯಿತು. ಅಂಥ ಮಳೆಗಾಲದಲ್ಲಿ ಸ್ಟೀರಾಯ್ಡ್ ಇಳಿಸುತ್ತಿರುವ ರೋಗಿಯ ಮನೆಯಲ್ಲಿ ಗುಳಿಗೆ ತೀರಿಹೋಗಿದ್ದರೆ ಏನು ಗತಿ? ಕರಾವಳಿಯಲ್ಲಿ ಇರುವವರು ಮಳೆಗಾಲಕ್ಕೆ ಸೌದೆ, ಹಪ್ಪಳ, ಉಪ್ಪಿನಕಾಯಿಗಳನ್ನು ಕೂಡಿಡುವಂತೆ, ಥಟ್ಟನೆ ನಿಲ್ಲಿಸಬಾರದ ಔಷಧಿಗಳನ್ನೂ ಕೂಡಿಡಬೇಕೆಂಬುದನ್ನು ಆ ವರ್ಷ ಕಲಿಸಿತು.

ವಾಚಕರಿಗೆ ಉಪಯೋಗವಾದೀತೆಂದು ಆ ವೈದ್ಯರಿಂದ ತಿಳಿದ ಇನ್ನು ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸುತ್ತೇವೆ. ನರದ ನೋವಿನ ಔಷಧಿಗಳೆಲ್ಲ ಒಂದೇ ಬಗೆಯವಲ್ಲ. ಮುಖದ ನರ ಸಿಡಿಯುವ ನೋವಿಗೆ ಕೊಡುವ ಕಾರ್ಬಮಜೆಪಿನ್ ಎಂಬುದು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ ಸ್ಟೀರಾಯ್ಡನ್ನು ಬೇಗ ಕರಗಿಸಿಬಿಡುತ್ತದೆ. ಆಗ ಸ್ಟೀರಾಯ್ಡ್ ಕೊಟ್ಟೂ ಕೊಡದಂತಾಗಬಹುದು. ಗ್ಯಾಬಾಪೆಂಟಿನ್ ನುಂಗುವವರು ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಹುಳಿತೇಗಿನ ಔಷಧಿಯನ್ನು ಅದರ ಜೊತೆಯಲ್ಲಿಯೇ ಕುಡಿದರೆ ಗುಳಿಗೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಡುವೆ ಎರಡು ಗಂಟೆ ಬಿಡಬೇಕು. ಮೂತ್ರಪಿಂಡ ದುರ್ಬಲವಾದವರಿಗೆ ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್‌ಗಳ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಸ್ಟೀರಾಯ್ಡ್ ಜೊತೆಗೆ ಅಂಗಡಿಯ ಸಾಮಾನ್ಯ ನೋವಿನ ಗುಳಿಗೆಗಳನ್ನು ನುಂಗುತ್ತ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಸಂಭವವಿದೆ. ಅದೂ ಅಲ್ಲದೆ, ನಮ್ಮಲ್ಲಿ ಸಿಗುವ ಪ್ರೆಗಾಬಾಲಿನ್ ಗುಳಿಗೆಗಳಲ್ಲಿ ಎಷ್ಟೋ ಸಲ ಬಿ-೧೨ ಜೀವಸತ್ವವೋ, ನಾರ್‌ಟ್ರಿಪ್ಟಿಲಿನ್ ಎಂಬ ಇನ್ನೊಂದು ಮಂಪರಿನ ಔಷಧಿಯೋ ಕೂಡಿಯೇ ಇರುತ್ತದೆ. ಮೇಲಿನ ದೊಡ್ಡ ಹೆಸರನ್ನಲ್ಲ, ಒಳಗೇನಿದೆ ಎಂಬ ಸಣ್ಣ ಅಕ್ಷರಗಳನ್ನು ಓದಬೇಕು.

ನಾಟಿ ಔಷಧಿಯ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಅಂಕೋಲೆ ತಾಲ್ಲೂಕಿನ ಬೆಳಂಬಾರವು ಲಕ್ವಾಕ್ಕೆ ಕೊಡುವ ಹಾಲಕ್ಕಿ ಒಕ್ಕಲಿಗರ ಔಷಧಿಗಾಗಿ ದೂರದೂರದವರೆಗೆ ಹೆಸರಾಗಿದೆ. ಇಂಥ ಪರಂಪರೆಯ ಮೇಲೆ ನಮಗೆ ಗೌರವವಿದೆ. ಯಾವ ಔಷಧಿಯನ್ನೇ ತೆಗೆದುಕೊಂಡರೂ ಅದನ್ನು ವೈದ್ಯರಿಂದ ಮುಚ್ಚಿಡಬಾರದೆಂಬುದಷ್ಟೇ ನಮ್ಮ ವಿನಂತಿ. ಇವರಿಗೆ ಸಂಬಂಧವೇ ಇಲ್ಲದ, ಊರೂರು ತಿರುಗಿ ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ಮಾರುವ ಜನ ಬೇರೆ ಇದ್ದಾರೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಪರೀಕ್ಷೆಗಳಿಂದ ಕಂಡುಬಂದಿದೆ. ಒಂದೇ ದಿನದಲ್ಲಿ ನೋವು ಹಾರಿಹೋಯಿತೆಂದರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು.

ದೊಡ್ಡವ್ವನವರ ಸ್ಟೀರಾಯ್ಡ್ ಆಗಸ್ಟ್ ಕೊನೆಯ ಹೊತ್ತಿಗೆ ಪೂರ್ತಿ ನಿಂತಿತು. ಪಾದದ ಬಾವು ಇಳಿಯಿತು, ಸಕ್ಕರೆ ಹದಕ್ಕೆ ಬಂದಿತು. ನರದ ಗುಳಿಗೆ ಚಿಕ್ಕ ಪ್ರಮಾಣದಲ್ಲಿ ಇನ್ನೂ ಕೆಲವು ತಿಂಗಳು ಮುಂದುವರಿದು, ಉರಿ ತಗ್ಗಿದ ಮೇಲೆ ಅದೂ ಕ್ರಮವಾಗಿ ನಿಂತಿತು. ಎಡಗೈಗೆ ಕಟ್ಟು ಇದ್ದ ಆರು ವಾರಗಳೂ ಪೂಜೆಯ ಹೊತ್ತಿಗೆ ಅತ್ತಿಗೆಯವರು ಪಕ್ಕದಲ್ಲಿ ಕುಳಿತು ಆ ಅಂಗೈಯ ಕೆಳಗೆ ತಮ್ಮ ಅಂಗೈ ಹಿಡಿದಿರುತ್ತಿದ್ದರು. ಸೊಸೆಯ ಕೈಯ ಆಸರೆಯಲ್ಲಿ ಅವರ ಪೂಜೆ ಒಂದು ದಿನವೂ ತಪ್ಪಲಿಲ್ಲ.

ಈಗ ನಮ್ಮ ಎರಡೂ ಮನೆಗಳಲ್ಲಿ ಹಿರಿಯರೊಬ್ಬರಿಗೆ ಒಂದೊಂದು ನೋಟುಪುಸ್ತಕವಿದೆ. ಗುಳಿಗೆಯ ಹೆಸರು, ಒಳಗಿರುವ ಔಷಧಿ, ಯಾತಕ್ಕೆ, ಯಾರು ಕೊಟ್ಟರು, ಎಂದಿನಿಂದ, ಎಂದಿನವರೆಗೆ, ಯಾವ ಹೊತ್ತು, ಇಷ್ಟನ್ನು ಕನ್ನಡದಲ್ಲಿ ಬರೆದಿಡುತ್ತೇವೆ. ಎಂದಿನವರೆಗೆ ಎಂಬ ಮನೆ ಖಾಲಿಯಿದ್ದರೆ ವೈದ್ಯರನ್ನು ಕೇಳಿಯೇ ಎದ್ದುಬರುತ್ತೇವೆ. ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಆ ಪುಸ್ತಕ ಮೊದಲು ಮೇಜಿನ ಮೇಲೆ ಹೋಗುತ್ತದೆ. ಐವತ್ತು ದಾಟಿದವರಿಗೆ ಸರ್ಪಸುತ್ತನ್ನು ತಡೆಯುವ ಲಸಿಕೆ ೨೦೨೩ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. ಬೆಲೆ ತುಸು ಹೆಚ್ಚೇ. ತಮಗೆ ಅದು ಸಲ್ಲುವುದೋ ಇಲ್ಲವೋ ಎಂಬುದನ್ನು ವಾಚಕರು ತಮ್ಮ ವೈದ್ಯರಲ್ಲಿ ವಿಚಾರಿಸಬಹುದು.

ಹಿರಿಯರ ಸೇವೆ ಎಂದರೆ ಹೊತ್ತಿಗೆ ಸರಿಯಾಗಿ ನೀರು, ಅನ್ನ, ಗುಳಿಗೆಗಳನ್ನು ಕೈಗೆ ಕೊಡುವುದು ಎಂದು ತಿಳಿದಿದ್ದೇವೆ. ಕೊಡುವ ಗುಳಿಗೆ ಯಾವುದು, ಅದರ ಪಕ್ಕದ್ದು ಯಾವುದು ಎಂದು ತಿಳಿದು ಕೊಡುವುದೂ ಆ ಸೇವೆಯ ಒಂದು ಭಾಗವೇ. ಊರೂರಿನ ವೈದ್ಯರು ಪರಸ್ಪರ ಭೇಟಿಯಾಗಲಾರರು. ಅವರು ಬರೆದ ಚೀಟಿಗಳನ್ನಾದರೂ ಒಂದೆಡೆ ಭೇಟಿ ಮಾಡಿಸುವ ಕೆಲಸ ಮನೆಯವರದು. ಬಂಧುಗಳು ಇಂದು ಸಂಜೆಯೇ ತಮ್ಮ ಮನೆಯ ಹಿರಿಯರ ಔಷಧಿಯ ಡಬ್ಬಿಯನ್ನು ತೆರೆದು ಅವರೊಡನೆ ಕುಳಿತು ಒಮ್ಮೆ ನೋಡಲಿ. ಏನನ್ನೂ ತಾವಾಗಿ ಬಿಡುವುದು ಬೇಡ, ಏನನ್ನೂ ತಾವಾಗಿ ಸೇರಿಸುವುದೂ ಬೇಡ. ಎಲ್ಲವನ್ನೂ ಬರೆದು ಒಬ್ಬ ವೈದ್ಯರ ಕಣ್ಣಿಗೆ ಹಾಕಿದರೆ ಸಾಕು.